ಒಂಟಿಮಾತು

ಬಾಯಿತಪ್ಪಿ ಬಂತು ಎಂದು ಊರವರೆಲ್ಲ ನಂಬಿದ್ದರು. ನಾನೂ ನಂಬಿಸಿದ್ದೆ. ಆದರೆ ಅವತ್ತು ಬಾಯಿ ತುಂಬ ಇದ್ದ ನೀರನ್ನು ನಾನು ಬೇಕೆಂದೇ ನುಂಗಿದ್ದೆ, ನುಂಗಿ ಬೇಕೆಂದೇ ‘ಹೂಂ’ ಅಂದಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೂ ಬಚ್ಚಿಟ್ಟುಕೊಂಡು ನಿಮ್ಮ ಕೈಲೂ ‘ಪಾಪ ವನಜಕ್ಕ’ ಅನ್ನಿಸಿಕೊಳ್ಳುವುದಾದರೆ ಇಷ್ಟೆಲ್ಲ ಹೇಳುವುದಾದರೂ ಯಾಕೆ?

ನಾನು ಹಪ್ಪಳ ಒತ್ತಿ ಬದುಕುವವಳು. ನಮ್ಮೂರಲ್ಲಿ ಯಾವುದರ ಬಗ್ಗೆಯಾಗಲಿ, ಯಾರ ಬಗ್ಗೆಯಾಗಲಿ ಒಬ್ಬರು ‘ಇದು ನಮ್ಮದಲ್ಲ’ ಅಂದು, ಅದನ್ನು ಕೇಳಿಸಿಕೊಂಡ ಇನ್ನೊಬ್ಬರು ‘ಹೂಂ’ ಅಂದರೆ ಮುಗಿಯಿತು, ಅದು ಊರಲ್ಲಿ ನಿಲ್ಲುವುದಿಲ್ಲ. ಹೊಸದಾಗಿ ಹಾಕಿಸಿದ್ದ ಕೈಪಂಪು ಬೆಳಗಾಗುವಷ್ಟರಲ್ಲಿ ಬುಡಸಮೇತ ಎದ್ದು ಹೋಗಿ ಊರ ಗಡಿಯ ಸೇತುವೆಯಾಚೆ ಬಿದ್ದಿತ್ತು. ಪೇಟೆಯಿಂದ ಬಂದಿದ್ದ ಕಂಪೌಂಡರೊಬ್ಬ ತಟ್ಟೆಯಲ್ಲಿದ್ದ ಅನ್ನವನ್ನು ಹಾಗೇ ಬಿಟ್ಟು ಎದ್ದು ನಡೆದವನು ತಿರುಗಿ ನೋಡಲಿಲ್ಲ. ಅದೇ, ಒಬ್ಬರು ಅಂದಮೇಲೆ ಹತ್ತು ಉಸಿರು ಎಳೆದು ಬಿಡುವಷ್ಟರಲ್ಲಿ ಯಾರೂ ಹೂಂಗುಟ್ಟದೆ ಇದ್ದರೆ, ಆ ವಸ್ತು ಶಾಶ್ವತವಾಗಿ ಊರಿನದೇ. ಅಂದವರ ನಾಲಿಗೆ ಅದರ ವಿರುದ್ಧ ಇನ್ನು ಜನ್ಮದಲ್ಲಿ ಹೊರಳುವುದಿಲ್ಲ. ಸಿದ್ಧಲಿಂಗಯ್ಯ ಮದುವೆಯಾದ ವರ್ಷ, ಹೆಂಡತಿ ತವರಿನಿಂದ ತಂದ ಸಾರಿನಪುಡಿಯ ಬಗ್ಗೆ ಮನೆಯಲ್ಲಿ ಯಾರೂ ಇಲ್ಲದಾಗ ಅಂದುಬಿಟ್ಟ. ನಲವತ್ತು ವರ್ಷದಿಂದ ಕಣ್ಣಲ್ಲಿ ನೀರು ಸುರಿಸುತ್ತ ಅದೇ ಸಾರು ಉಣ್ಣುತ್ತಿದ್ದಾನೆ, ಖಾರ ಅಂತ ಒಂದು ಮಾತಾಡಿದ್ದಿಲ್ಲ. ಹಾಗಾಗಿ ನಮ್ಮ ಜನ ಯಾವುದನ್ನಾದರೂ ದೂರಬೇಕಾದರೆ ಮೊದಲು ಪಕ್ಕದಲ್ಲಿ ಹೂಂ ಅನ್ನುವವರು ಇದ್ದಾರಾ ಅಂತ ನೋಡಿಕೊಳ್ಳುತ್ತಾರೆ.

ಊರಿಗೆ ಬೇಕಾದದ್ದು ಹೊರಗಿನಿಂದ ಬಂದರೆ ಅದನ್ನು ಉಳಿಸಿಕೊಳ್ಳುವುದಕ್ಕೂ ನಮ್ಮಲ್ಲಿ ಒಂದು ಕ್ರಮ ಉಂಟು. ಹೊಸ ಸೊಸೆ, ಹೊಸ ಹಸು, ಹೊಸ ಮೇಷ್ಟ್ರು, ಯಾರೇ ಆಗಲಿ ನೀರಿನ ಟ್ಯಾಂಕಿನ ಕೆಳಗೆ ಕರೆತಂದು ನಿಲ್ಲಿಸುತ್ತಾರೆ. ನೆರೆದವರೆಲ್ಲ ನಲ್ಲಿಯಿಂದ ಬಾಯಿ ತುಂಬ ನೀರು ತುಂಬಿಕೊಳ್ಳಬೇಕು. ಸರದಿಯಂತೆ ಒಂದು ಮನೆಯವರು ಮುಂದೆ ಬಂದು ‘ಇದು ನಮ್ಮದಲ್ಲ’ ಅನ್ನುತ್ತಾರೆ. ಬಾಯಲ್ಲಿ ನೀರಿರುವುದರಿಂದ ಅಭ್ಯಾಸಬಲದಿಂದಲೂ ಯಾರೂ ಹೂಂ ಅನ್ನುವ ಹಾಗಿಲ್ಲ. ಹತ್ತು ಉಸಿರಾದ ಮೇಲೆ ಎಲ್ಲರೂ ನೀರು ಉಗುಳಿ, ನಗುತ್ತ, ಸೊಸೆಗೋ ಹಸುವಿಗೋ ಬೆಲ್ಲ ತಿನ್ನಿಸುತ್ತಾರೆ. ಇದಕ್ಕೆ ಒಂಟಿಮಾತಿನ ಶಾಸ್ತ್ರ ಅಂತ ಹೆಸರು.

ನನ್ನ ತಂಗಿ ಮಂದಾಕಿನಿಗೆ ಎರಡು ವರ್ಷದ ಹಿಂದೆ ಎರಡೂ ಕಿಡ್ನಿ ಕೆಟ್ಟವು. ವಾರಕ್ಕೆ ಮೂರು ಸಲ ಪೇಟೆಯ ಆಸ್ಪತ್ರೆಗೆ ಹೋಗಿ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್ ಮಾಡಿಸಿಕೊಂಡು, ಬಾಡಿದ ಸೊಪ್ಪಿನಂತೆ ಬಸ್ಸಿಳಿಯುತ್ತಿದ್ದಳು. ಪರವೂರಿನಿಂದ ಬಂದು ನಮ್ಮೂರಲ್ಲಿ ನೆಲೆಸಿದ್ದ ಅವಳ ಗಂಡ ಪಾಲಾಕ್ಷ ಸೈಕಲ್ ಅಂಗಡಿಗೆ ಬೀಗ ಜಡಿದು ಅವಳ ಜೊತೆಗೇ ತಿರುಗುತ್ತಿದ್ದ. ಬೇರೆಯವರ ಕಿಡ್ನಿ ಹಾಕಿದರೆ ಉಳಿಯುತ್ತಾಳೆ ಅಂದರು. ಪಾಲಾಕ್ಷನ ರಕ್ತದ ಗುಂಪು ಹೊಂದಲಿಲ್ಲ. ನನ್ನದು ಹೊಂದಿತು. ರಕ್ತ ಮಾತ್ರವಲ್ಲ, ಏನೇನು ನೋಡಿದರೋ ಎಲ್ಲವೂ ಹೊಂದಿತು. ಡಾಕ್ಟರ್ ನಸ್ರೀನ್ ಅಂತ ಒಬ್ಬರು, ಮೆತ್ತಗೆ ಮಾತಾಡುವ ಹೆಂಗಸು, ನನ್ನನ್ನು ಒಬ್ಬಳನ್ನೇ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. “ನಿಮಗೆ ಪೂರ್ತಿ ಮನಸ್ಸಿದ್ರೆ ಮಾತ್ರ ಅಮ್ಮ. ಇಷ್ಟ ಇಲ್ಲ ಅಂದ್ರೂ ತಪ್ಪೇನಿಲ್ಲ. ಹೊಂದಲಿಲ್ಲ ಅಂತ ಹೇಳ್ತೀವಿ, ಯಾಕೆ ಅಂತ ಯಾರಿಗೂ ಗೊತ್ತಾಗಲ್ಲ,” ಅಂದರು.

ನಾನು ಹೆದರಿದೆ. ಚಾಕು ಅಂದರೆ ಹೆದರಿಕೆ, ಸತ್ತರೆ ಅನ್ನುವ ಹೆದರಿಕೆ, ನಾಳೆ ನನ್ನ ಉಳಿದ ಒಂದು ಕಿಡ್ನಿಯೂ ಕೆಟ್ಟರೆ ಗಂಡ ಮಕ್ಕಳಿಲ್ಲದ ನನ್ನನ್ನು ನೋಡಿಕೊಳ್ಳುವವರು ಯಾರು ಅನ್ನುವ ಹೆದರಿಕೆ. “ಇಷ್ಟ ಇಲ್ಲ ಡಾಕ್ಟ್ರೇ,” ಅಂದೆ. ಹೆದರುವುದು ಅಂಥ ದೊಡ್ಡ ತಪ್ಪಲ್ಲ, ಅಷ್ಟಕ್ಕೇ ನಿಲ್ಲಿಸಿದ್ದರೆ ಇವತ್ತು ತಲೆಯೆತ್ತಿಕೊಂಡು ಓಡಾಡುತ್ತಿದ್ದೆ. ಊರಿಗೆ ಬಂದವಳೇ ಸೆರಗಿನಿಂದ ಕಣ್ಣೊರೆಸಿಕೊಂಡು, “ನಂಗೆ ಶುಗರ್ ಇದೆಯಂತೆ ಕಣೆ ಮಂದಾ, ನನ್ನದು ಆಗಲ್ವಂತೆ,” ಅಂದೆ. ಅಲ್ಲಿಂದ ಎಂಟು ತಿಂಗಳು ಜನರ ಮುಂದೆ ಸಕ್ಕರೆಯಿಲ್ಲದ ಕಾಫಿ ಕುಡಿದೆ. ಯುಗಾದಿ ದಿನ ನನ್ನ ತಂಗಿ, ನಿಲ್ಲುವುದಕ್ಕೆ ತ್ರಾಣವಿಲ್ಲದವಳು, ಗೋಡೆ ಹಿಡಿದುಕೊಂಡು ನನಗೆ ಅಂತಲೇ ಬೇರೆ ಪಾತ್ರೆಯಲ್ಲಿ ಬೆಲ್ಲ ಹಾಕದ ಪಾಯಸ ಮಾಡಿಟ್ಟಿದ್ದಳು. ಅದನ್ನು ತಿಂದೆ.

ಕಿಡ್ನಿ ಕೊಟ್ಟವಳು ಹೊನ್ನಮ್ಮ, ಪಾಲಾಕ್ಷನ ಅಕ್ಕ. ಎಲ್ಲೋ ದೂರದ ಊರಿನ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿಕೊಂಡಿದ್ದವಳು. ಸಣ್ಣಗೆ, ಕಪ್ಪಗೆ, ನಾಲ್ಕು ಜನರ ನಡುವೆ ನಿಂತರೆ ಕಣ್ಣಿಗೇ ಬೀಳದಂಥ ಹೆಂಗಸು. ವಿಷಯ ತಿಳಿದದ್ದೇ ರಜೆ ಹಾಕಿ ಬಂದಳು, ಪರೀಕ್ಷೆ ಮಾಡಿಸಿಕೊಂಡಳು, ಮಲಗಿದಳು, ಕೊಟ್ಟಳು. ನನ್ನದರಷ್ಟು ಚೆನ್ನಾಗಿ ಅವಳದು ಹೊಂದಲಿಲ್ಲ, ಆದರೂ ಸಾಕು ಅಂದರಂತೆ. ಮೂರು ತಿಂಗಳು ಪೇಟೆಯಲ್ಲೇ ಇದ್ದು ಮಂದಾ ಊರಿಗೆ ಹೊರಡುವ ದಿನ ನಸ್ರೀನ್ ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು. “ಇವರ ಮೈಯಲ್ಲಿ ಟಿ ಕಣಗಳು ಅಂತ ಕಾವಲಿನವು ಇದ್ದಾವೆ. ಹೊರಗಿನದು ಕಂಡ್ರೆ ಗುರುತು ಹಿಡೀತಾವೆ. ಆದ್ರೆ ಗುರುತು ಹಿಡಿದ ಮಾತ್ರಕ್ಕೆ ಮೇಲೆ ಬೀಳಲ್ಲ. ಪಕ್ಕದ ಕಣದಿಂದ ಎರಡನೇ ಸೂಚನೆ ಒಂದು ಬರಬೇಕು, ಹೌದು, ನಡಿ ಅಂತ. ಅದು ಬರದೇ ಇದ್ರೆ ಆ ಕಾವಲಿನದು ಮಂಕಾಗಿಬಿಡುತ್ತೆ, ಆಮೇಲೆ ಅದೇ ಎದುರಿಗೆ ಬಂದ್ರೂ ಏಳಲ್ಲ. ನಾವು ತಿಂಗಳಿಗೊಂದು ಸಲ ಡ್ರಿಪ್ ಹಾಕ್ತೀವಲ್ಲ, ಆ ಔಷಧಿ ಎರಡನೇ ಸೂಚನೆ ಬರದಂಗೆ ಅಡ್ಡ ನಿಲ್ಲುತ್ತೆ. ಅದನ್ನ ಮಾತ್ರ ತಪ್ಪಿಸಬೇಡಿ.”

ಪಾಲಾಕ್ಷ ಕಣ್ಣರಳಿಸಿ, “ಅಯ್ಯೋ, ಇದು ನಮ್ಮೂರ ಒಂಟಿಮಾತೇ ಅಲ್ವಾ ಮೇಡಂ!” ಅಂದ. ಡಾಕ್ಟರಿಗೆ ಅರ್ಥವಾಗಲಿಲ್ಲ. ನಮಗೆಲ್ಲ ಅರ್ಥವಾಯಿತು. ಒಳಗಿನ ಕಾವಲನ್ನು ಔಷಧಿ ನೋಡಿಕೊಳ್ಳುತ್ತದೆ, ಹೊರಗಿನದನ್ನು ನಾವೇ ನೋಡಿಕೊಳ್ಳಬೇಕು. ಹೊನ್ನಮ್ಮನ ಕಿಡ್ನಿ ಪರವೂರಿನದು. ಶಾಸ್ತ್ರ ಮಾಡದೆ ಬಿಟ್ಟರೆ ನಾಳೆ ಯಾರೋ ಜಗಳದಲ್ಲಿ ಒಂದು ಮಾತು ಅಂದು, ಇನ್ಯಾರೋ ಹೂಂ ಅಂದರೆ ಮಂದಾಳ ಗತಿ? ಊರು ಮುಟ್ಟಿದ ಮಾರನೇ ದಿನ ಬೆಳಿಗ್ಗೆ ಹತ್ತು ಗಂಟೆಗೇ ಟ್ಯಾಂಕಿನ ಕೆಳಗೆ ಜನ ಸೇರಿದರು.

ಅವತ್ತಿನ ಸರದಿ ಬಡಗಿ ಪುಟ್ಟಾಚಾರಿಯದು. ಮಂದಾ ಕುರ್ಚಿಯಲ್ಲಿ ಕೂತಿದ್ದಳು. ಎಷ್ಟೋ ಕಾಲದ ಮೇಲೆ ಅವಳ ಮುಖದಲ್ಲಿ ರಕ್ತ ಕಾಣುತ್ತಿತ್ತು. ಪಕ್ಕದಲ್ಲಿ ಹೊನ್ನಮ್ಮ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ನಾಚಿ ಸೆರಗು ಎಳೆದೆಳೆದು ಹೊದ್ದುಕೊಳ್ಳುತ್ತಿದ್ದಳು. ಹೆಂಗಸರು ಅವಳ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಗ ಮಂದಾ ಅವಳ ಕೈ ಹಿಡಿದು, “ನನ್ನ ಒಡಹುಟ್ಟಿದವಳು ಅಂದ್ರೆ ಇವಳೇ ಕಣ್ರೀ,” ಅಂದಳು. ನನ್ನನ್ನು ಚುಚ್ಚಬೇಕೆಂದು ಅಂದದ್ದಲ್ಲ, ನಾನು ಅಲ್ಲಿದ್ದೇನೆ ಎನ್ನುವುದೂ ಅವಳ ಗಮನದಲ್ಲಿರಲಿಲ್ಲ. ಆ ಕಿಡ್ನಿ ಅಲ್ಲಿರುವಷ್ಟು ದಿನ ನಾನು ಕೊಡದವಳು. ದಿನಾ ಬೆಳಗಾದರೆ ಅದು ಕೆಲಸ ಮಾಡುತ್ತದೆ, ದಿನಾ ನನ್ನ ಮುಖಕ್ಕೆ ಹೊಡೆಯುತ್ತದೆ. ಪುಟ್ಟಾಚಾರಿ ಕೈಮುಗಿದು, “ಇದು ನಮ್ಮದಲ್ಲ,” ಅಂದ. ಎಲ್ಲರ ಕೆನ್ನೆಗಳೂ ಉಬ್ಬಿಕೊಂಡಿದ್ದವು. ಏಳು ಉಸಿರು, ಎಂಟು ಉಸಿರು. ಹೋಗಲಿ ಅದು, ತೊಲಗಲಿ ಅಂತ ನನ್ನ ಮನಸ್ಸು ಸ್ಪಷ್ಟವಾಗಿ ಹೇಳಿತು. ನೀರು ನುಂಗಿದೆ. ‘ಹೂಂ’ ಅಂದೆ.

ಒಂದು ಕ್ಷಣ ಯಾರಿಗೂ ಏನಾಯಿತೆಂದೇ ತಿಳಿಯಲಿಲ್ಲ. ಆಮೇಲೆ ಎಲ್ಲರ ಬಾಯಿಂದಲೂ ನೀರು ಒಟ್ಟಿಗೆ ಹೊರಬಿತ್ತು. ನಾನು ಬಾಯಿ ಮುಚ್ಚಿಕೊಂಡು, ನೆಲಕ್ಕೆ ಕುಸಿದು, “ಅಯ್ಯಯ್ಯೋ, ನೀರು ನೆತ್ತಿಗೇರಿಬಿಡ್ತಲ್ಲೋ!” ಅಂತ ಅತ್ತೆ. ಅಳು ನಿಜವೇ. ಮಾತು ಮಾತ್ರ ಸುಳ್ಳು.

ಸಂಜೆ ಹೊತ್ತಿಗೆ ಮಂದಾಳಿಗೆ ಜ್ವರ ಬಂತು, ಮಾರನೇ ದಿನ ಉಚ್ಚೆ ಕಟ್ಟಿತು. ಪಾಲಾಕ್ಷ ಕಾರು ಮಾಡಿಕೊಂಡು ಪೇಟೆಗೆ ಕರೆದುಕೊಂಡು ಓಡಿದ. ಅವಳ ಮೈ ಹೊಸ ಕಿಡ್ನಿಯನ್ನು ಒದ್ದೋಡಿಸುತ್ತಿದೆ, ಮೊದಲ ವರ್ಷ ಕೆಲವರಿಗೆ ಹೀಗಾಗುವುದುಂಟು, ದೊಡ್ಡ ಔಷಧಿ ಶುರು ಮಾಡಿದ್ದೇವೆ, ನೋಡೋಣ ಅಂದರಂತೆ ಡಾಕ್ಟರು. ಊರವರು ಯಾರೂ ನನ್ನನ್ನು ಬೈಯಲಿಲ್ಲ. ಅದೇ ನನಗೆ ತಡೆಯಲಾರದ ಹಿಂಸೆಯಾಯಿತು. ಪಕ್ಕದ ಮನೆ ಗೌರಕ್ಕ ತಟ್ಟೆಯಲ್ಲಿ ಮುದ್ದೆ, ಸಾರು ತಂದಿಟ್ಟು, “ನೀನೇನು ಬೇಕು ಅಂತ ಅಂದ್ಯಾ ವನಜಾ? ಬಾಯಿತಪ್ಪಿ ಬಂದದ್ದು. ಬೇಕು ಅಂತ ಅಂದಿದ್ರೆ ಹೆಂಗೋ ಸರಿಮಾಡಬಹುದಿತ್ತು,” ಅಂದಳು.

ಅವಳು ಅಂದದ್ದು ನಿಜ. ಹೂಂ ಅಂದವರು ಅದೇ ಟ್ಯಾಂಕಿನ ಕೆಳಗೆ ನಾಲ್ಕು ಜನರ ಮುಂದೆ ನಿಂತು, ಯಾಕೆ ಅಂದೆ ಎನ್ನುವುದನ್ನು ಇದ್ದದ್ದು ಇದ್ದ ಹಾಗೆ ಹೇಳಿದರೆ ಆ ಹೂಂ ವಾಪಸ್ಸಾಗುತ್ತದೆ. ಬಾಯಿತಪ್ಪಿ ಬಂದದ್ದಕ್ಕೆ ಕಾರಣವೇ ಇರುವುದಿಲ್ಲ, ಹಾಗಾಗಿ ಅದಕ್ಕೆ ಪರಿಹಾರವೂ ಇಲ್ಲ. ಊರೆಲ್ಲ ನನ್ನನ್ನು ನಂಬಿ, ಇನ್ನು ದಾರಿಯಿಲ್ಲ ಎಂದು ಕೈಚೆಲ್ಲಿ ಕೂತಿತ್ತು. ದಾರಿ ಇದ್ದದ್ದು ನನ್ನೊಬ್ಬಳ ಬಾಯಲ್ಲಿ. ಮೊದಲನೇ ದಿನ, ಔಷಧಿ ಹಿಡಿಯಬಹುದು, ನೋಡೋಣ ಅಂದುಕೊಂಡೆ. ಎರಡನೇ ದಿನ ಟ್ಯಾಂಕಿನವರೆಗೆ ಹೋದೆ. ಅಲ್ಲಿ ಹೆಂಗಸರು ಬಿಂದಿಗೆ ಇಟ್ಟುಕೊಂಡು ನಿಂತಿದ್ದರು, ನೀರಿಗೆ ಬಂದವಳಂತೆ ಮುಖ ತೊಳೆದುಕೊಂಡು ವಾಪಸ್ಸು ಬಂದೆ. ಮೂರನೇ ದಿನ ಮಂದಾಳೇ ಫೋನು ಮಾಡಿದಳು. ದನಿ ಕೇಳಿಸುತ್ತಲೇ ಇರಲಿಲ್ಲ. “ಅಕ್ಕಾ, ಊಟ ಬಿಟ್ಟಿದ್ದೀಯಂತೆ. ಶುಗರ್ ಇರೋಳು ಉಪವಾಸ ಇರಬಾರದು. ನನ್ನ ಹಣೆಬರಹಕ್ಕೆ ನೀನ್ಯಾಕೆ ಕೊರಗ್ತೀಯ?” ಅಂದಳು. ಫೋನಿಟ್ಟು ಒಲೆಯ ಮುಂದೆ ಕೂತು ಹಣೆಹಣೆ ಚಚ್ಚಿಕೊಂಡೆ. ಆದರೂ ಎದ್ದು ಹೋಗಲಿಲ್ಲ ನೋಡಿ. ಜನ ನನ್ನನ್ನು ಏನೆಂದುಕೊಳ್ಳುತ್ತಾರೆ ಅನ್ನುವುದು ತಂಗಿಯ ಜೀವಕ್ಕಿಂತ ದೊಡ್ಡದಾಗಿತ್ತು.

ನಾಲ್ಕನೇ ದಿನ ಬಿಸಿಲಲ್ಲಿ ನಾನು ಹಪ್ಪಳ ಒತ್ತುತ್ತಿದ್ದಾಗ ಹೊನ್ನಮ್ಮ ಬಂದಳು. ಬಂದವಳೇ ಕೂತು, ಒತ್ತಿದ ಹಪ್ಪಳಗಳನ್ನು ಎತ್ತಿ ಚಾಪೆಯ ಮೇಲೆ ಹರಡತೊಡಗಿದಳು. ಬಗ್ಗಿದಾಗೆಲ್ಲ ಹೊಲಿಗೆ ಹಾಕಿದ ಪಕ್ಕೆಯನ್ನು ಅಂಗೈಯಿಂದ ಒತ್ತಿ ಹಿಡಿದುಕೊಳ್ಳುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, “ವನಜಕ್ಕ, ನಾನು ಹೊರಗಿನೋಳು. ನಂದು ಇಲ್ಲಿ ಹೊಂದಿಕೊಳ್ಳಲಿಲ್ಲ ಅನ್ಸುತ್ತೆ. ನಿಮ್ಮ ತಂಗೀನ ನಾನೇ ಕೊಂದಂಗಾಯ್ತೇನೋ ಅಂತ ಹೆದರಿಕೆ ಆಗ್ತದೆ,” ಅಂದಳು. ಕ್ಷಮೆ ಕೇಳುವುದಕ್ಕೆ ಬಂದಿದ್ದಳು ಮಾರಾಯ್ತಿ! ನನ್ನ ಹತ್ತಿರ! ನನ್ನ ಮೈ ಹಿಡಿಯಷ್ಟಾಯಿತು. ಲಟ್ಟಣಿಗೆ ಬಿಸಾಕಿ, ಹಿಟ್ಟಿನ ಕೈಯಲ್ಲೇ ಅವಳ ರಟ್ಟೆ ಹಿಡಿದುಕೊಂಡು, “ನಡಿ ತಾಯಿ, ಟ್ಯಾಂಕಿನ ಹತ್ರ ನಡಿ,” ಅಂತ ಎಳೆದುಕೊಂಡು ಹೊರಟೆ.

ಜನ ಸೇರಿದ ಮೇಲೂ ನನ್ನ ಬುದ್ಧಿ ಬಿಡಲಿಲ್ಲ. “ಬಾಯಿತಪ್ಪಿ ಬಂದದ್ದಲ್ಲ. ಹೊಟ್ಟೆಕಿಚ್ಚಿಗೆ ಅಂದೆ. ಎಲ್ಲರೂ ಹೊನ್ನಮ್ಮನ್ನೇ ಹೊಗಳ್ತಿದ್ರಿ, ತಡಕೊಳ್ಳೋಕೆ ಆಗಲಿಲ್ಲ,” ಅಂದು ಅಷ್ಟಕ್ಕೇ ಬಾಯಿ ಮುಚ್ಚಿದೆ. ಪುಟ್ಟಾಚಾರಿ ನನ್ನ ಮುಖವನ್ನೇ ನೋಡುತ್ತ, “ಇಷ್ಟೇ ಅಲ್ಲ ಕಣಮ್ಮ, ಒಳಗೆ ಇನ್ನೂ ಇದೆ. ಅರ್ಧ ಹೇಳಿದ್ರೆ ವಾಪಸ್ಸಾಗಲ್ಲ,” ಅಂದ. ಆಗ ಎಲ್ಲವನ್ನೂ ಕಕ್ಕಿದೆ. ನನ್ನ ಕಿಡ್ನಿ ಹೊಂದಿದ್ದು, ಬಾಗಿಲು ಹಾಕಿದ ಕೋಣೆಯಲ್ಲಿ ನಾನು ಬೇಡ ಅಂದದ್ದು, ಇಲ್ಲದ ಶುಗರ್ ಹೇಳಿಕೊಂಡದ್ದು, ಪಾಯಸ ತಿಂದದ್ದು, ನಾಲ್ಕು ದಿನ ಸುಮ್ಮನೆ ಕೂತದ್ದು. ಗೌರಕ್ಕ “ಥೂ, ನಿನ್ನ!” ಅಂತ ನನ್ನ ಕಾಲ ಹತ್ತಿರ ಉಗಿದು ಬೆನ್ನು ತಿರುಗಿಸಿದಳು. ಹೊನ್ನಮ್ಮ ಅಲ್ಲೇ ಕೂತು ಅಳುತ್ತಿದ್ದಳು.

ಸಾಯಂಕಾಲ ನಾಲ್ಕಕ್ಕೆ ಪಾಲಾಕ್ಷ ಫೋನು ಮಾಡಿ ಮಂದಾಳಿಗೆ ಮತ್ತೆ ಉಚ್ಚೆ ಬರುತ್ತಿದೆ ಎಂದು ತಿಳಿಸಿದ. ಕಿಡ್ನಿ ಉಳಿಯಿತು. ಆದರೆ ಪೂರ್ತಿ ಉಳಿಯಲಿಲ್ಲ. ಅರ್ಧದಷ್ಟು ಸತ್ತಿದೆ, ಇನ್ನೆರಡು ಮೂರು ದಿನ ಮೊದಲೇ ಹತೋಟಿಗೆ ಬಂದಿದ್ದರೆ ಹದಿನೈದು ಇಪ್ಪತ್ತು ವರ್ಷ ಬರುತ್ತಿತ್ತು, ಈಗ ಐದೋ ಆರೋ ವರ್ಷ ಬಂದರೆ ಪುಣ್ಯ ಅಂದರಂತೆ ಡಾಕ್ಟರು. ಆ ಎರಡು ಮೂರು ದಿನ ನಾನು ಏನು ಮಾಡುತ್ತಿದ್ದೆ ಅಂತ ನಿಮಗೆ ಗೊತ್ತಿದೆ.

ತಿಂಗಳು ಕಳೆದು ಮಂದಾ ಊರಿಗೆ ಬಂದಳು. ಅವಳಿಗೆ ಎಲ್ಲ ತಿಳಿದಿತ್ತು. ನಾನು ಅವಳ ಮನೆ ಕಡೆ ತಲೆ ಹಾಕಲಿಲ್ಲ. ಬೈಯುತ್ತಾಳೆ, ಜುಟ್ಟು ಹಿಡಿದು ಬಾರಿಸುತ್ತಾಳೆ, ಬಾರಿಸಲಿ ಅಂತ ಬಾಗಿಲು ತೆರೆದಿಟ್ಟುಕೊಂಡು ಎರಡು ದಿನ ಕಾದೆ. ಮೂರನೇ ದಿನ ಟ್ಯಾಂಕಿನ ಹತ್ತಿರ ಬರಬೇಕೆಂದು ಹೇಳಿಕಳಿಸಿದಳು. ಹೋದರೆ ಊರೆಲ್ಲ ಸೇರಿತ್ತು. ಮಂದಾ ಎಲ್ಲರಿಗೂ ಬಾಯಲ್ಲಿ ನೀರು ತುಂಬಿಕೊಳ್ಳಿ ಅಂದಳು. ಯಾಕೆಂದು ಯಾರಿಗೂ ತಿಳಿಯಲಿಲ್ಲ, ಆದರೂ ಒಬ್ಬೊಬ್ಬರಾಗಿ ನಲ್ಲಿಗೆ ಬಾಯಿಟ್ಟು ಬಂದು ನಿಂತರು. ಅವಳು ನನ್ನ ಎದುರಿಗೆ ಬಂದು, ಕಣ್ಣಲ್ಲಿ ಕಣ್ಣಿಟ್ಟು, “ಇವಳು ನಮ್ಮವಳಲ್ಲ,” ಅಂದಳು.

ಊರಲ್ಲೇ ಹುಟ್ಟಿದವರ ಬಗ್ಗೆ ಆ ಮಾತು ಯಾರೂ ಅಂದದ್ದಿಲ್ಲ. ಯಾರನ್ನು ಕುರಿತು ಅಂದರೋ ಅವರು ಬಾಯಿ ಬಿಡುವ ಹಾಗಿಲ್ಲ, ನಿಂತಿರಬೇಕು ಅಷ್ಟೆ. ಯಾರಾದರೂ ಹೂಂ ಅನ್ನಲಿ ದೇವರೇ ಅಂತ ಬೇಡಿಕೊಂಡೆ. ಸೇತುವೆ ದಾಟಿ ನಡೆದುಬಿಡುತ್ತಿದ್ದೆ, ಯಾರ ಕಣ್ಣಿಗೂ ಬೀಳದ ಕಡೆ ಬಿದ್ದಿರುತ್ತಿದ್ದೆ. ಗೌರಕ್ಕನ ಕಡೆ ನೋಡಿದೆ. ಅವಳ ಕೆನ್ನೆ ಉಬ್ಬಿತ್ತು, ಕಣ್ಣು ಕೆಂಪಗಿತ್ತು, ಆದರೆ ತುಟಿ ಬಿಗಿದಿತ್ತು. ಹೊನ್ನಮ್ಮನ ಕಡೆ ನೋಡಿದೆ. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಹತ್ತು ಉಸಿರು ಕಳೆದವು. ಎಲ್ಲರೂ ನೀರು ಉಗುಳಿದರು. ಬೆಲ್ಲ ಕೊಡುವವರು ಯಾರೂ ಇರಲಿಲ್ಲ. ಮಂದಾ ನನ್ನ ಮೊಣಕೈ ಹಿಡಿದು, “ಬಾ ಅಕ್ಕಾ, ಬಿಸಿಲು ಏರ್ತಿದೆ,” ಅಂದಳು.

ಅವತ್ತಿನಿಂದ ನನ್ನ ತಂಗಿಯ ಬಾಯಿಂದ ನನ್ನ ವಿರುದ್ಧ ಒಂದು ಮಾತು ಬಂದಿಲ್ಲ. ಬರುವುದಕ್ಕೆ ಸಾಧ್ಯವೂ ಇಲ್ಲ. ಒಂದು ದಿನ ತಡೆಯಲಾರದೆ ಅವಳ ಮುಂದೆ ಕೂತು, “ಒಂದು ಸಲ ಬೈಯೇ ನನ್ನ. ನಿನ್ನ ಆಯಸ್ಸು ತಿಂದೋಳು ನಾನು, ಒಂದೇ ಸಲ ಬೈಯೇ,” ಅಂತ ಕಾಲು ಹಿಡಿದೆ. ಅವಳು ಬಾಯಿ ತೆರೆದಳು. ಗಂಟಲ ನರ ಉಬ್ಬಿತು. ಏನೂ ಬರಲಿಲ್ಲ. “ಆಗಲ್ಲ ಕಣಕ್ಕ. ಅದಕ್ಕೇ ಅವತ್ತು ಅಂದಿದ್ದು. ಬೈಯೋಕೆ ಶುರು ಮಾಡಿದ್ರೆ ನಿಲ್ಲಿಸೋಕೆ ನನ್ನ ಕೈಲಿ ಆಗ್ತಿರಲಿಲ್ಲ. ಇರೋ ನಾಲ್ಕು ದಿನ ಅದ್ರಲ್ಲೇ ಕಳೆದು ಹೋಗೋದು,” ಅಂದಳು. ಅವಳಿಗೆ ಅದರಿಂದ ನೆಮ್ಮದಿಯಾಯಿತು. ಅವಳ ನೆಮ್ಮದಿಗೇ ಮಾಡಿಕೊಂಡದ್ದು, ಸರಿಯೇ. ನನ್ನದನ್ನು ನಾನು ಹೊರಬೇಕು.

ಈಗ ತಿಂಗಳ ಡ್ರಿಪ್ಪಿಗೆ ಅವಳನ್ನು ಕರೆದುಕೊಂಡು ಹೋಗುವುದು ನನ್ನ ಕೆಲಸ, ಪಾಲಾಕ್ಷ ಮತ್ತೆ ಅಂಗಡಿ ತೆರೆದಿದ್ದಾನೆ. ಹೋದ ತಿಂಗಳು ಹೊಸ ನರ್ಸೊಬ್ಬಳು ಬಂದಿದ್ದಳು, ಬಾಯಿ ಜೋರಿನ ಹುಡುಗಿ. ಮಂದಾಳ ಕೈಗೆ ಸೂಜಿ ಚುಚ್ಚುತ್ತ, “ಇವರ್ಯಾರು ಆಂಟಿ?” ಅಂತ ನನ್ನ ಕಡೆ ತೋರಿಸಿದಳು. “ನಮ್ಮಕ್ಕ,” ಅಂದಳು ಮಂದಾ. “ಸ್ವಂತ ಅಕ್ಕನಾ? ಹಂಗಾದ್ರೆ ಇವರದೇ ಚೆನ್ನಾಗಿ ಹೊಂದಿರಬೇಕಿತ್ತಲ್ಲ, ಯಾಕೆ ತಗೊಳ್ಳಲಿಲ್ಲ?” ಅಂದಳು ಹುಡುಗಿ. ಸುತ್ತ ಆರು ಮಂಚಗಳಲ್ಲಿ ರೋಗಿಗಳು, ಅವರ ಮನೆಯವರು, ಎಲ್ಲರೂ ನಮ್ಮ ಕಡೆ ತಿರುಗಿದರು. ಮಂದಾಳ ತುಟಿ ಅಲುಗಿತು, ದನಿ ಬರಲಿಲ್ಲ. ಅವಳು ಹೇಳಲಾರಳು ಅಂತ ನನಗೆ ಗೊತ್ತು. ನನ್ನನ್ನು ತಮ್ಮವಳೇ ಅಂತ ಉಳಿಸಿಕೊಂಡ ಊರವರೂ ಇನ್ನು ಯಾರಿಗೂ ಹೇಳುವುದಿಲ್ಲ.

“ಹೊಂದುತ್ತಿತ್ತು ಸಿಸ್ಟರ್,” ಅಂದೆ. “ನಾನು ಕೊಡಲಿಲ್ಲ.”

ಹುಡುಗಿ ನನ್ನನ್ನೊಮ್ಮೆ ನೋಡಿದಳು. ಆಮೇಲೆ ಡ್ರಿಪ್ಪಿನ ನಳಿಕೆಯ ಮೇಲಿನ ಪುಟ್ಟ ಗಾಲಿ ತಿರುಗಿಸಿ, ಹನಿ ಬೀಳುತ್ತಿದೆಯಾ ಅಂತ ಪರೀಕ್ಷಿಸಿ, ಗೋಡೆ ಪಕ್ಕದ ಸ್ಟೂಲನ್ನು ನನ್ನ ಕಡೆಗೆ ಕಾಲಿನಿಂದ ತಳ್ಳಿದಳು. “ಅರ್ಧ ಗಂಟೆ ಆಗುತ್ತೆ. ಕೂತ್ಕೊಳ್ಳಿ,” ಅಂದಳು.